ಹಗ್ಗ ಹಿಡಿದ ಹುಲಿಯಮ್ಮ

“ಅವನನ್ನು ಮತ್ತೆ ನೀರಿಗೇ ಇಳಿಸಬೇಕು” ಎಂದು ಮುಕುಂದಯ್ಯ ಹೇಳಿದ್ದೇ ತಡ, ಹುಲಿಯಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿ ಗಂಡನಿಗೆ ಅಡ್ಡ ನಿಂತಳು.

ಅವಳ ಗಂಡ ಜಟ್ಟಿಂಗಪ್ಪ ತೆಪ್ಪದ ಹಲಗೆಗಳ ಮೇಲೆ ಮುದುಡಿ ಬಿದ್ದಿದ್ದ. ಮೊಣಕಾಲು ನೆಟ್ಟಗಾಗುತ್ತಿರಲಿಲ್ಲ, ಭುಜ ಮುಟ್ಟಿದರೆ ಹಲ್ಲು ಕಚ್ಚುತ್ತಿದ್ದ. ಅರ್ಧ ಗಂಟೆಯ ಹಿಂದೆ ಇದೇ ಮನುಷ್ಯ ಹೊಸ ಅಣೆಕಟ್ಟಿನ ಬುಡದಲ್ಲಿ, ನೂರು ಅಡಿ ನೀರಿನೊಳಗೆ, ಗೇಟಿಗೆ ಸಿಕ್ಕಿಕೊಂಡಿದ್ದ ಮರದ ದಿಮ್ಮಿ ಬಿಡಿಸಿ, ಗೆದ್ದೆ ಎಂದು ಹಗ್ಗ ಜಗ್ಗಿದ್ದ. ಮೇಲೆ ಹಗ್ಗ ಹಿಡಿದಿದ್ದವನು ಹುಲಿಯಮ್ಮನ ತಮ್ಮ ಮಾಸ್ತಪ್ಪ. ಊರಲ್ಲಿ ಬಾವಿಯ ಹೂಳು ತೆಗೆಯಲು ಇಳಿದವರನ್ನು ಎಳೆದು ಪಳಗಿದ ಕೈ ಅವನದು. ಹಗ್ಗ ಅಲುಗಿದರೆ ಸಾಕು, ಒಳಗಿದ್ದವನ ಉಸಿರು ಕಟ್ಟುವ ಮೊದಲು ಒಂದೇ ದಮ್ಮಿಗೆ ಮೇಲೆ ತರಬೇಕು ಎಂಬುದೇ ಅವನು ಕಲಿತ ಪಾಠ. ಇಲ್ಲಿ ಹಾಗಲ್ಲ, ನಡುವೆ ಮೂರು ಕಡೆ ನಿಲ್ಲಿಸಿ ಎಳೆ ಎಂದು ಹೇಳಿಯೇ ಮುಕುಂದಯ್ಯ ಆಫೀಸಿಗೆ ಹೋಗಿದ್ದರು. ನಿಲ್ಲಿಸುತ್ತಿದ್ದನೋ ಏನೋ. ಆಗಷ್ಟೇ ಬುತ್ತಿ ತಂದಿದ್ದ ಹುಲಿಯಮ್ಮ, “ಬಿರ್ನೆ ಎಳಿ ಮಾರಾಯ, ಮೀನ್ ಸಾರು ತಣ್ಣಗಾಗ್ತೈತೆ” ಎಂದಿದ್ದಳು. ಅವನು ಎಲ್ಲೂ ನಿಲ್ಲಿಸದೆ ಎಳೆದುಬಿಟ್ಟಿದ್ದ.

“ವಾಯು ಹಿಡ್ಕಂಡೈತೆ, ಅಷ್ಟೇಯ. ಎಣ್ಣೆ ತಿಕ್ಕಿ ಹಂಡೆ ನೀರು ಹುಯ್ದ್ರೆ ಬಿಡ್ತೈತೆ” ಎಂದಳು ಈಗ. “ಈ ಗತಿ ಮಾಡಿದ ನೀರಿಗೇ ಮತ್ತೆ ಹಾಕ್ತೀರಾ ಸಾಮಿ?”

ಮುಕುಂದಯ್ಯ ಇಪ್ಪತ್ತು ವರ್ಷ ಬೊಂಬಾಯಿಯ ಬಂದರಿನಲ್ಲಿ ಮುಳುಗಿ ಎದ್ದವರು. “ಗೋಲಿ ಸೋಡ ಕುಡಿದಿದ್ದೀಯಲ್ಲಮ್ಮ? ಗೋಲಿ ಒತ್ತಿದ ಕೂಡ್ಲೇ ಗುಳ್ಳೆ ಏಳುತ್ತೆ. ನೀರಿನ ಭಾರ ಒಮ್ಮೆಲೇ ತೆಗೆದುಬಿಟ್ರಿ, ಇವನ ರಕ್ತದಲ್ಲಿ ಹಾಗೇ ಎದ್ದಿದೆ. ಮತ್ತೆ ಭಾರ ಹೇರಿದ್ರೆ ಅಡಗುತ್ತೆ, ಆಮೇಲೆ ನಿಧಾನಕ್ಕೆ ಬಿಡಬೇಕು. ಇದಕ್ಕೆ ಅಂತ್ಲೇ ಕಬ್ಬಿಣದ ಕೋಣೆ ಬೊಂಬಾಯಲ್ಲಿದೆ. ಅಲ್ಲಿಗೆ ಮುಟ್ಟೋದ್ರೊಳಗೆ ಕಾಲು ಹೋಗಿರುತ್ತೆ.”

ಬಿರ್ನೆ ಎಳಿ ಎಂದವಳು ತಾನೇ. ಹುಲಿಯಮ್ಮ ತಿರುಗಿ ಗಂಡನ ಮುಖ ನೋಡಿದಳು.

“ಇಳಿಸ್ಲಿ ಬಿಡೇ” ಎಂದ ಜಟ್ಟಿಂಗಪ್ಪ.

ತೆಪ್ಪದ ಮೇಲೆ ಓಡಾಟ ಶುರುವಾಯಿತು. ಅವನನ್ನು ಉಯ್ಯಾಲೆಯಂತೆ ಕಟ್ಟಿದ ಮಣೆಯ ಮೇಲೆ ಕೂರಿಸಿ, ತಾಮ್ರದ ಟೋಪಿ ತಿರುಗಿಸಿ ಬಿಗಿದರು. ಇಬ್ಬರು ಟೋಪಿಯೊಳಗೆ ಗಾಳಿ ಊದುವ ಪಂಪಿನ ಚಕ್ರ ಹಿಡಿದರು. ಮಾಸ್ತಪ್ಪ ಮತ್ತೆ ಹಗ್ಗ ಹಿಡಿದು ನಿಂತ. “ಇಲ್ಲಿ ಕೊಡು” ಎಂದು ಹುಲಿಯಮ್ಮ ಅವನ ಕೈಯಿಂದ ಹಗ್ಗ ಕಿತ್ತುಕೊಂಡಳು.

“ನೋವು ಹೋದ್ರೆ ಎರಡು ಸಲ ಜಗ್ತಾನೆ” ಎಂದರು ಮುಕುಂದಯ್ಯ. “ನಾಲ್ಕು ಅಂದ್ರೆ ಎಳೀರಿ ಅಂತ. ಬೇಜಾರಾಗಿ ಜಗ್ಗೇ ಜಗ್ತಾನೆ, ಎಳೀಬೇಡ. ಬಿಡದೆ ಜಗ್ಗಿದ್ರೆ ಮಾತ್ರ ಅಪಾಯ.”

ಹಗ್ಗ ಸರಸರ ಇಳಿಯಿತು. ಇಪ್ಪತ್ತು ಅಡಿ, ನಲವತ್ತು, ಅರವತ್ತು. ನೀರಿನ ಮೇಲೆ ಗುಳ್ಳೆಗಳು ಒಡೆಯುತ್ತಿದ್ದವು, ಹಗ್ಗ ಮಾತ್ರ ಸುಮ್ಮನಿತ್ತು. ಹುಲಿಯಮ್ಮ ಕಾದಳು. ಕೊನೆಗೂ ಅಂಗೈಯಲ್ಲಿ ಒಂದು ಜಗ್ಗು, ಹಿಂದೆಯೇ ಇನ್ನೊಂದು.

“ಹೋತು, ನೋವು ಹೋತು” ಎಂದು ಅವಳು ಅತ್ತಳೋ ನಕ್ಕಳೋ, ಪಂಪು ತಿರುಗಿಸುವವರಿಗೂ ತಿಳಿಯಲಿಲ್ಲ. ಕುಣಿಯಬೇಕೆನಿಸಿತು, ಆದರೆ ಕೈಯಲ್ಲಿ ಹಗ್ಗವಿತ್ತು.

ಆಮೇಲೆ ಮುಕುಂದಯ್ಯ ಹೇಳಿದಾಗ ಒಂದೊಂದು ಮೊಳ ಎಳೆದಳು, ನಿಲ್ಲು ಎಂದಾಗ ನಿಂತಳು. ಹೊತ್ತು ಇಳಿಯತೊಡಗಿತು. ಇನ್ನು ಹತ್ತೇ ಅಡಿ. ತಾಮ್ರದ ಟೋಪಿ ನೀರೊಳಗೆ ಮಸುಕಾಗಿ ಕಾಣುತ್ತಿತ್ತು. ಆಗ ಹಗ್ಗ ನಾಲ್ಕು ಸಲ ಜಗ್ಗಿತು, ಸ್ವಲ್ಪ ಬಿಟ್ಟು ಮತ್ತೆ ನಾಲ್ಕು.

“ಅಕ್ಕಾ, ಭಾವ ಕರೀತಾ ಅವ್ರೆ. ಹಸಿವಾಗಿರ್ಬೇಕು” ಎಂದು ಮಾಸ್ತಪ್ಪ ಕೈ ಚಾಚಿದ.

“ಇನ್ನೂ ಇಪ್ಪತ್ತು ನಿಮಿಷ” ಎಂದರು ಮುಕುಂದಯ್ಯ, ಗಡಿಯಾರದಿಂದ ಕಣ್ಣು ಕೀಳದೆ.

ಹುಲಿಯಮ್ಮ ತಮ್ಮನ ಕೈ ತಳ್ಳಿ, ಹಗ್ಗವನ್ನು ಮುಂಗೈಗೆ ಇನ್ನೊಂದು ಸುತ್ತು ಸುತ್ತಿಕೊಂಡಳು.

“ತಣ್ಣಗಾಗ್ಲಿ ಬಿಡು, ಸಾರು.”