ಕರುವಿನ ಪಾಲು

ಅಡುಗೆ ಕೆಲಸಕ್ಕೆ ಸೇರಿದ ಮೊದಲ ದಿನವೇ ನೀಲವ್ವ ಒಗ್ಗರಣೆಗೆ ತುಪ್ಪ ಕೇಳಿದಳು.

"ನಾವು ವೀಗನ್. ಹಾಲು, ಮೊಸರು, ತುಪ್ಪ ಏನೂ ಮುಟ್ಟಲ್ಲ," ಎಂದಳು ಯಜಮಾನಿ.

"ನಾವೂ ಮಾಂಸ ತಿನ್ನೂದಿಲ್ರಿ ಅಕ್ಕಾರ. ಆದ್ರ ಹಾಲಿನಾಗ ಏನ್ ತಪ್ಪೈತ್ರಿ?"

"ಅದು ಕರುವಿನ ಪಾಲು ಕಣಮ್ಮಾ. ಕೂಸನ್ನ ತಾಯಿಯಿಂದ ದೂರ ಕಟ್ಟಿಹಾಕಿ ಕಸ್ಕೊಳ್ಳೋದು. ಅಂಥ ಪಾಪ ಈ ಮನೆಯಲ್ಲಿ ನಡೆಯಲ್ಲ."

ನೀಲವ್ವನ ಕಣ್ಣು ತುಂಬಿತು. ಇಷ್ಟು ಕರುಳಿರುವವರ ಮನೆ ಸಿಕ್ಕಿತಲ್ಲ! ಎರಡು ತಿಂಗಳ ಮಗಳನ್ನು ನೆರೆಯವರ ಕೈಗೆ ಕೊಟ್ಟು ಬಂದಿದ್ದಳು. ಬೆಳಗಿನಿಂದ ಹಾಲು ತುಂಬಿ ಎದೆ ಬಿಗಿಯುತ್ತಿತ್ತು. ಧೈರ್ಯ ಮಾಡಿದಳು.

"ಅಕ್ಕಾರ, ಮಧ್ಯಾಹ್ನ ಒಂದ್ ತಾಸು ಹೋಗಿ ಕೂಸಿಗೆ ಮೊಲಿ ಕೊಟ್ಟು ಬರ್ಲೇನ್ರಿ?"

"ಕೆಲಸದ ಹೊತ್ತಲ್ಲಿ ಹೋಗೋ ಹಾಗಿಲ್ಲ," ಎಂದಳು ಯಜಮಾನಿ, ಬಾದಾಮಿ ಹಾಲು ಸೋಸುತ್ತಾ. "ಪ್ಯಾಕೆಟ್ ಹಾಲು ಕುಡಿಸೋಕೆ ಹೇಳು."