ಹೂಂ

ಮೌಖಿಕ ಪರೀಕ್ಷೆಯ ಕೋಣೆಯಿಂದ ಅತ್ತೆ ಮುಖ ಊದಿಸಿಕೊಂಡು ಹೊರಬಂದರು. ಕಾರಿಡಾರಿನ ಬೆಂಚಿನ ಮೇಲೆ ಉಗುರು ಕಚ್ಚುತ್ತ ಕೂತಿದ್ದ ಸೊಸೆ ದಡಬಡಿಸಿ ಎದ್ದಳು. ಅವಳು ಇದೇ ವಿಶ್ವವಿದ್ಯಾಲಯದ ಭಾಷಾ ವಿಭಾಗದಲ್ಲಿ ಮೇಡಂ. ಮನೆಯವರು ಪರೀಕ್ಷೆಗೆ ಕೂತಾಗ ತಾನು ಒಳಗಿರಬಾರದು ಎಂದು ತಾನೇ ಪಟ್ಟು ಹಿಡಿದು ಹೊರಗುಳಿದಿದ್ದಳು.

"ಏನಾಯ್ತು ಅತ್ತೆ?"

"ಆಗೋದೇನು, ಮಣ್ಣು. ಬಾಯಿಂದ ಒಂದು ಮಾತೂ ಹೊರಡಲಿಲ್ಲ."

ನಂಬುವ ಮಾತೇ ಅದು? ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿದ್ದು ನಿವೃತ್ತರಾದ ಅತ್ತೆ, ಸಂಜೆ ತರಗತಿಗೆ ಸೇರಿ ಹೊಸ ಭಾಷೆ ಕಲಿಯತೊಡಗಿದ ಮೇಲೆ ಮನೆಯಲ್ಲಿ ಯಾರ ಕಿವಿಗೂ ಪುರುಸೊತ್ತಿರಲಿಲ್ಲ. ಹಾಲು ಉಕ್ಕಿದರೂ ಹೊಸ ಭಾಷೆಯಲ್ಲೇ ಬೈಗುಳ. ಇವತ್ತು ಪಾಸಾದರೆ ಮಾತ್ರ ಮುಂದಿನ ವರ್ಷದ ತರಗತಿಗೆ ಪ್ರವೇಶ. ಅದಕ್ಕೆಂದು ಹೊಸ ಚೀಲವನ್ನೂ ಕೊಂಡಾಗಿತ್ತು. ಆ ಚೀಲ ಈಗ ಅತ್ತೆಯ ಹೆಗಲಿನಿಂದ ಜೋತುಬಿದ್ದಿತ್ತು.

"ಸಮಾಧಾನ ಮಾಡ್ಕೊಳ್ಳಿ ಅತ್ತೆ" ಎಂದದ್ದೇ ತಪ್ಪಾಯಿತು. ಅತ್ತೆ ಹೊಸ ಭಾಷೆಗೆ ತಿರುಗಿಕೊಂಡು ತಡೆಯಿಲ್ಲದೆ ಶುರು ಮಾಡಿದರು.

"ಎಂಥಾ ಸಮಾಧಾನ? ಆ ಮನುಷ್ಯ ಗಡಿಯಾರ ಎದುರಿಗಿಟ್ಕೊಂಡು ಪ್ರಶ್ನೆ ಕೇಳ್ತಾನೆ, ಆಮೇಲೆ ಗೋಡೆ ಆಗಿಬಿಡ್ತಾನೆ. ಹೂಂ ಇಲ್ಲ, ಉಹೂಂ ಇಲ್ಲ. ಜೀವಮಾನವೆಲ್ಲ ಲೈನ್ ನೋಡ್ಕೊಂಡವಳು ನಾನು. ಆ ಕಡೆಯಿಂದ ಹೂಂ ಬರದಿದ್ರೆ ಲೈನ್ ಸತ್ತಿದೆ ಅಂತ ಅರ್ಥ. ಸತ್ತ ಲೈನಲ್ಲಿ ಯಾರಾದ್ರೂ ಮಾತಾಡ್ತಾರಾ?"

ಮುಂದಿನವರನ್ನು ಕರೆಯಲು ಬಂದ ಪರೀಕ್ಷಕರು ಬಾಗಿಲಲ್ಲೇ ನಿಂತುಬಿಟ್ಟಿದ್ದರು. ವಿಭಾಗದಲ್ಲೆಲ್ಲ ಅವರಿಗೆ ಗಡಿಯಾರ ಸಾರ್ ಎಂದೇ ಹೆಸರು.

"ಅಮ್ಮಾ, ಒಂದೇ ಒಂದು ತಪ್ಪಿಲ್ಲ! ಬೈಗುಳ ಕೂಡ ಸರಿಯಾಗಿದೆ. ನೀವು ಪಾಸು!"

ಅತ್ತೆಯ ಮುಖ ಅರಳಿತು.

"ಬೇಡ ಸಾರ್," ಎಂದಳು ಸೊಸೆ. ಹಾಗೆನ್ನುವಾಗ ಅವಳಿಗೂ ಸಂಕಟವಾಯಿತು. "ಇವರಿಗಿಂತ ಮುಂಚೆ ಬಂದ ಹುಡುಗಿಗೂ ಬಾಯಿ ಕಟ್ಟಿಹೋಗಿತ್ತಲ್ಲ. ಅವಳ ಮಾತು ಕೇಳೋಕೆ ಬಾಗಿಲಿಗೆ ಬಂದ್ರಾ?"

ಆ ಹುಡುಗಿ ಮೆಟ್ಟಿಲ ಬಳಿ ತಲೆ ತಗ್ಗಿಸಿ ಕೂತಿದ್ದಳು. ಅತ್ತೆ ಸೊಸೆಯನ್ನು ದುರುಗುಟ್ಟಿ ನೋಡಿದರು. "ನೀನು ನನ್ನ ಸೊಸೇನೋ, ಎದುರು ಪಾರ್ಟಿನೋ?"

"ಒಬ್ಬರಿಗೆ ಒಂದು ಹೂಂ, ಇನ್ನೊಬ್ಬರಿಗೆ ಎರಡು ಹೂಂ ಅಂದ್ರೆ ಪಕ್ಷಪಾತ ಆಗುತ್ತೆ ಮೇಡಂ. ಅದಕ್ಕೇ ಯಾರಿಗೂ ಬೇಡ ಅಂತ..." ಎನ್ನುತ್ತಿದ್ದ ಸಾರ್ ಹುಡುಗಿಯ ಕಡೆ ನೋಡಿ ಮಾತು ನಿಲ್ಲಿಸಿದರು. ಪಾಪ, ಕೆಟ್ಟ ಮನುಷ್ಯರಲ್ಲ. ಒಳಗೆ ಹೋಗಿ ಗಡಿಯಾರಕ್ಕೆ ಹತ್ತು ನಿಮಿಷದ ಅಲಾರಂ ಇಟ್ಟು ತಂದು ಸೊಸೆಯ ಕೈಗೆ ಕೊಟ್ಟರು. "ಇವರಿಬ್ಬರೂ ಒಳಗೆ ಒಬ್ಬರಿಗೊಬ್ಬರು ಮಾತಾಡ್ಲಿ. ಇವತ್ತು ಬಾಯಿ ಕಟ್ಟಿದವರಿಗೆಲ್ಲ ಹೀಗೇ ಇನ್ನೊಂದು ಅವಕಾಶ. ಸರಿನಾ?"

ಅರೆತೆರೆದ ಬಾಗಿಲಿನಿಂದ ಮೊದಲು ಅತ್ತೆಯ ದನಿಯೊಂದೇ ಕೇಳಿತು. ಎಕ್ಸ್‌ಚೇಂಜಿನ ಪುರಾಣವೆಲ್ಲ ಹೊರಬಂತು. ಆಮೇಲೆ ಹುಡುಗಿಗೆ ಏನೋ ಪ್ರಶ್ನೆ ಕೇಳಿ ಅತ್ತೆ ಸುಮ್ಮನಾದರು. ಉತ್ತರವಿಲ್ಲ. ಅಂಕವೆಲ್ಲ ಸೋರಿಹೋಗುತ್ತಿದೆ ಅನ್ನಿಸಿತು ಸೊಸೆಗೆ. "ಮಾತಾಡಿ ಅತ್ತೆ, ಟೈಮ್ ಹೋಗ್ತಿದೆ," ಎಂದು ತನ್ನಷ್ಟಕ್ಕೇ ಗೊಣಗಿಕೊಂಡಳು.

ಅತ್ತೆ ಮಾತಾಡಲಿಲ್ಲ, ಕಾದರು. "ಹೂಂ?" ಎಂದರು, ಮತ್ತೆ ಕಾದರು. ಕೊನೆಗೆ ಸಣ್ಣದೊಂದು ದನಿ ತಡವರಿಸಿಕೊಂಡು ಹೊರಟಿತು. "ಹೂಂ, ಹೂಂ," ಎನ್ನುತ್ತಿದ್ದರು ಅತ್ತೆ. ಹುಡುಗಿಯ ಮಾತಿಗೆ ಕಾಲು ಬಂತು.

ಅಷ್ಟರಲ್ಲಿ ಸೊಸೆಯ ಕೈಯಲ್ಲಿದ್ದ ಅಲಾರಂ ಹೊಡೆಯತೊಡಗಿತು. ಅವಳು ಗಾಬರಿಯಿಂದ ಅದನ್ನು ತನ್ನ ಕೈಚೀಲಕ್ಕೆ ತುರುಕಿ ಎರಡೂ ಕೈಯಲ್ಲಿ ಅವುಚಿಕೊಂಡಳು.

ಸಾರ್ ಬಾಗಿಲಿನಿಂದ ತಲೆ ಹೊರಹಾಕಿ ಪಿಸುಗುಟ್ಟಿದರು. "ನಿಮ್ಮತ್ತೆ ಆಗಲೇ ಪಾಸು. ಹುಡುಗಿ ಈಗ ತಾನೇ ಶುರು ಮಾಡಿದ್ದಾಳೆ. ಟೈಮ್ ಆಯ್ತಾ ಮೇಡಂ?"

ಕೈಚೀಲದೊಳಗೆ ಗಡಿಯಾರ ಬಾಯಿ ಬಡಿದುಕೊಳ್ಳುತ್ತಲೇ ಇತ್ತು.

"ಇಲ್ಲ ಸಾರ್, ಇನ್ನೂ ಇದೆ."

ಸಾರ್ ಚೀಲವನ್ನು ನೋಡಿದರು, ಅವಳ ಮುಖ ನೋಡಿದರು.

"ಹೂಂ," ಎಂದು ಬಾಗಿಲು ಎಳೆದುಕೊಂಡರು.