ಹೆಸರಿಲ್ಲದ ದೂರು

"ನಾನು ಕೇಳ್ತಿರೋದು ಒಂದೇ," ಎಂದಳು ಅವಳು ಮೈಕಿನಲ್ಲಿ. "ನಮ್ಮಮ್ಮನ ಮೇಲೆ ದೂರು ಬರೆದೋರು ಯಾರು?"

ಶಾಲಾ ಮಂಡಳಿಯ ಸಭಾಂಗಣ ತುಂಬಿತ್ತು. ಹೊಸ ನೀತಿಸಂಹಿತೆಯ ಬಗ್ಗೆ ನಾಗರಿಕರ ಅಭಿಪ್ರಾಯ ಕೇಳುವ ದಿನ. ಒಬ್ಬೊಬ್ಬರಿಗೆ ಮೂರು ನಿಮಿಷ, ಕೊನೆಗೆ ಕೈ ಎತ್ತಿಸಿ ತೀರ್ಮಾನ. ಆ ಸಂಹಿತೆಯ ಏಳನೆಯ ಅಂಶ ಅವಳು ಮನೆಮನೆ ಅಲೆದು, ಸಹಿ ಹಾಕಿಸಿ ಸೇರಿಸಿದ್ದು. ಶಿಕ್ಷಕರ ಮೇಲೆ ಬಂದ ಗುಪ್ತ ದೂರಿನ ಮೂಲಪತ್ರವನ್ನು, ಇಪ್ಪತ್ತೈದು ವರ್ಷ ಕಳೆದ ಮೇಲೆ ಮನೆಯವರು ಕೇಳಿದರೆ ತೆರೆದು ತೋರಿಸಬೇಕು.

ಮಂಡಳಿಯ ಕಚೇರಿಯ ಎದುರು ಮೇಜು ಹಾಕಿಕೊಂಡು ಅರ್ಜಿ ಬರೆದುಕೊಡುವುದು ಅವಳ ಕಸುಬು. ಜನ ಕರೆಯುವುದು ಫೈಲಮ್ಮ ಎಂದು. ಯಾರೇ ಬಂದು ಕೂತರೂ ಮೊದಲ ಮಾತು, "ಹೆಸರು, ವಿಳಾಸ ಹೇಳಿ." ಎರಡನೆಯದು, "ಅದಿಲ್ಲದ ಕಾಗದ ಬರೆಯೋರು ಹೇಡಿಗಳು."

ಚಿಕ್ಕವಳಿದ್ದಾಗ ಅಜ್ಜಿ ಒಂದು ಕಥೆ ಹೇಳುತ್ತಿದ್ದಳು. ರಾಕ್ಷಸನ ಪ್ರಾಣ ಏಳು ಸಮುದ್ರದಾಚೆಯ ಗಿಳಿಯ ಗಂಟಲಲ್ಲಿ. ಅವಳು ಬೆಳೆದಂತೆ ಸಮುದ್ರಗಳು ಬತ್ತಿ ಮಂಡಳಿಯ ಕಬ್ಬಿಣದ ಬೀರುವಾದವು. ಗಿಳಿ ಒಂದು ಕಂದು ಲಕೋಟೆಯಾಯಿತು. ಕೈಗೆ ಸಿಗಲಿ, ಕತ್ತು ಹಿಸುಕುತ್ತೇನೆ ಎಂದು ಇಪ್ಪತ್ತಾರು ವರ್ಷ ಕಾದಿದ್ದಳು.

"ನಮ್ಮಮ್ಮ ಎಂಥ ಟೀಚರ್ ಗೊತ್ತಾ ನಿಮಗೆ? ಪತ್ರ ಬರೆಯೋ ಪಾಠ ಬಂದ್ರೆ ನಾಲ್ಕನೇ ತರಗತೀಲಿ ನಮ್ಮ ಕೈಲೆಲ್ಲ ನಿಜವಾದ ಪತ್ರಾನೇ ಬರೆಸ್ತಿದ್ರು. ತಿದ್ದಿ, ಮಾರ್ಕು ಹಾಕಿ, ಸ್ಟಾಂಪ್ ಅಂಟಿಸಿ, ಅದನ್ನೇ ತಗೊಂಡು ಹೋಗಿ ಡಬ್ಬಕ್ಕೆ ಹಾಕ್ತಿದ್ರು. ಯಾರದ್ದನ್ನೂ ತಡೀತಿರಲಿಲ್ಲ. ಶಾಲೆಗೆ ಕುಡಿಯೋ ನೀರಿನ ನಲ್ಲಿ ಬಂದಿದ್ದು ಹಾಗೆ."

"ಆ ನಲ್ಲಿ ಸೋರೋಕೆ ಶುರುವಾಗಿ ಎರಡು ವರ್ಷ ಆಯ್ತು," ಎಂದ ಶಾಲಾ ಬಸ್ಸಿನ ಡ್ರೈವರ್. "ಇನ್ನೊಂದು ಪತ್ರ ಬರೆಸಿ."

ಜನ ನಕ್ಕರು. ಅವಳು ನಗಲಿಲ್ಲ.

"ಓದಿನಲ್ಲಿ ಹಿಂದಿದ್ದ ಮಕ್ಕಳಿಗೆ ಸಂಜೆ ಮನೇಲಿ ಪುಕ್ಕಟೆ ಹೇಳಿಕೊಡ್ತಿದ್ರು. ಅದನ್ನೇ ಟ್ಯೂಷನ್ ಅಂತ ಮಾಡಿ ಕೆಲಸ ಕಿತ್ತುಕೊಂಡ್ರಿ."

ಆ ಸಂಜೆಗಳು ಅವಳಿಗೆ ಚೆನ್ನಾಗಿ ನೆನಪಿವೆ. ಬಾಗಿಲ ಬಳಿ ಚಪ್ಪಲಿಗಳ ರಾಶಿ. ನಡುಮನೆಯಲ್ಲಿ ಕಾಲಿಡಲು ಜಾಗವಿಲ್ಲ. ಅವಳ ಮನೆಪಾಠ ಅಡುಗೆಮನೆಯಲ್ಲಿ, ಅಕ್ಕಿ ಡಬ್ಬದ ಮೇಲೆ ಕೂತು. ಕೆಲಸ ಹೋದ ಮರುದಿನ ಬಾಗಿಲಲ್ಲಿ ಎರಡೇ ಜೊತೆ ಚಪ್ಪಲಿ. ಆಮೇಲೆ ಅಮ್ಮ ಹೊಲಿಗೆ ಕಾರ್ಖಾನೆಯಲ್ಲಿ ಅಂಗಿಗಳಿಗೆ ಗುಂಡಿ ಹಚ್ಚಿ ಹಚ್ಚಿ ಕಣ್ಣು ಮಂಜು ಮಾಡಿಕೊಂಡಳು. ವಿಚಾರಣೆಯಲ್ಲಿ ಅಮ್ಮ ಆಡಿದ್ದು ಎರಡೇ ಪದ: "ದೂರು ನಿಜ."

ಅಂದು ವಿಚಾರಣೆ ನಡೆಸಿದವರೇ ಇಂದು ಅಧ್ಯಕ್ಷರ ಕುರ್ಚಿಯಲ್ಲಿದ್ದರು.

"ಯಾರು ಅಂತ ಗೊತ್ತಾದ್ರೆ ಏನು ಮಾಡ್ತೀರಮ್ಮ?"

"ಜನರ ಮುಂದೆ ತಲೆ ಎತ್ತಿ ಓಡಾಡದ ಹಾಗೆ ಮಾಡ್ತೀನಿ."

ಅಧ್ಯಕ್ಷರು ಕನ್ನಡಕ ತೆಗೆದು ಕೊನೆಯ ಸಾಲಿನತ್ತ ನೋಡಿದರು. ಅಲ್ಲಿಂದ ಅಮ್ಮ ಎದ್ದು, ಕುರ್ಚಿಗಳ ಬೆನ್ನು ಹಿಡಿದುಕೊಂಡು ಮೈಕಿನ ಬಳಿಗೆ ಬರುತ್ತಿದ್ದಳು. ಬೆಳಗ್ಗೆ ಬರಲ್ಲ ಎಂದಿದ್ದವಳು.

"ನನಗೂ ಮೂರು ನಿಮಿಷ ಇದೆಯಲ್ಲ," ಎಂದಳು ಅಮ್ಮ. "ಏಳನೇ ಅಂಶ ಬೇಡ. ಬರೆದೋರು ನಮ್ಮನ್ನ ನಂಬಿ ಬರೆದಿರ್ತಾರೆ. ಮುಚ್ಚಿದ್ದು ಮುಚ್ಚೇ ಇರಲಿ. ಕೆಲಸ ಹೋಗಿದ್ದು ನಂದು, ನನಗಿಲ್ಲದ ಸಿಟ್ಟು ಬೇರೆಯವರಿಗೆ ಯಾಕೆ?"

ಸಭೆ ಗುಜುಗುಜು ಎಂದಿತು. ಮಗಳಿಗೆ ಮೈ ಉರಿದುಹೋಯಿತು. ಅಮ್ಮನ ತೋಳು ಹಿಡಿದು ಪಕ್ಕಕ್ಕೆ ಸರಿಸಿದಳು.

"ನೀನು ಯಾರ ಕಡೆ ಅಮ್ಮ?"

"ನಿನ್ನ ಕಡೆನೇ ಕಣೇ."

"ಹಂಗಿದ್ರೆ ಸುಮ್ಮನೆ ಕೂತ್ಕೋ."

ಕೈಗಳು ಎದ್ದವು. ಪರವಾಗಿ ನಲವತ್ತೊಂದು, ವಿರೋಧ ಮೂವತ್ತೆಂಟು. ಬೀರು ಕಿರುಗುಟ್ಟಿತು. ಗುಮಾಸ್ತೆ ದೂಳು ಕೊಡವಿ ಕಂದು ಲಕೋಟೆ ತಂದಿಟ್ಟಳು. ಮೇಲೆ ಅರಗಿನ ಮುದ್ರೆ. ಅದರ ಕೆಳಗೆ ಅಧ್ಯಕ್ಷರದ್ದೇ ಹಳೆಯ ಕೈಬರಹ: 'ಶಿಕ್ಷಕಿಯ ಕೋರಿಕೆಯ ಮೇರೆಗೆ ಮುಚ್ಚಲಾಗಿದೆ.'

ಅವಳು ಅದನ್ನು ಎರಡು ಸಲ ಓದಿದಳು. ಅಮ್ಮ ಅವತ್ತೂ ಹೆದರಿದ್ದಳು, ಅಷ್ಟೇ.

"ಮೊದಲು ಮನಸ್ಸಲ್ಲೇ ಒಂದ್ಸಲ ಓದ್ಕೊಳ್ಳಿ," ಎಂದರು ಅಧ್ಯಕ್ಷರು ಮೆಲ್ಲಗೆ.

"ಯಾಕೆ, ನಿಮ್ಮ ನೆಂಟರಾ? ಎಲ್ಲರಿಗೂ ಕೇಳೋ ಹಾಗೇ ಓದ್ತೀನಿ."

ಮುದ್ರೆ ಒಡೆದಳು. ಗೆರೆ ಹಾಕಿದ ಹಾಳೆ, ನಾಲ್ಕು ಮಡಿಕೆ. ಮೂರು ಮಡಿಕೆ ಬಿಚ್ಚಿ ಮೈಕಿಗೆ ಬಾಯಿ ಹಚ್ಚಿದಳು.

"'ಮಾನ್ಯರೇ, ನಮ್ಮ ಶಾಲೆಯ ಒಬ್ಬರು ಟೀಚರ ಮನೆಗೆ ದಿನಾ ಸಂಜೆ ಹನ್ನೆರಡು ಮಕ್ಕಳು ಬರುತ್ತಾರೆ. ಟೀಚರು ಅವರ ಜೊತೆಯೇ ಇರುತ್ತಾರೆ. ಆ ಮನೆಯಲ್ಲಿ ಒಬ್ಬಳು ಹುಡುಗಿಗೆ ಕೂರಲು ಜಾಗವಿಲ್ಲ. ಅವಳು ಅಕ್ಕಿ ಡಬ್ಬದ...'"

ದನಿ ಅಲ್ಲೇ ನಿಂತಿತು. ಕೊನೆಯ ಮಡಿಕೆ ತಾನಾಗಿ ಬಿಚ್ಚಿಕೊಂಡಿತು. ಅಂಚಿನಲ್ಲಿ ಕೆಂಪು ಶಾಯಿ, ಅಮ್ಮನ ದುಂಡಗಿನ ಅಕ್ಷರ:

'ಹತ್ತಕ್ಕೆ ಒಂಬತ್ತು. ಹೆಸರು, ವಿಳಾಸ ಬರೆಯಲು ಮರೆತಿದ್ದೀಯ, ಮಗಳೇ.'